ಮೂರನೆಯ ಮಹಡಿಗೆ ನೀರು

ಧಾರವಾಡದಲ್ಲಿ ಬೆಳೆದವಳಿಗೆ ನೀರು ತುಂಬಿಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ವಾರಕ್ಕೊಮ್ಮೆ ನಳ ಬರುತ್ತಿದ್ದ ಕಾಲ. ಬಂದ ರಾತ್ರಿ ಕೊಡ, ಪಾತೇಲಿ, ತಂಬಿಗೆ ಎಲ್ಲ ತುಂಬಿಯೇ ಮಲಗಬೇಕು. ಮುಂದೆ ಕಠ್ಮಂಡು ಪಕ್ಕದ ಪಾಟನ್‌ನಲ್ಲಿ ಸಂಸಾರ ಹೂಡಿದಾಗ, ಅಲ್ಲಿಯವರು ಟ್ಯಾಂಕರಿಗೆ ಕಾಯುವುದು, 20 ಲೀಟರಿನ ಜಾರುಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಡುವುದು ಕಂಡು ತವರಿಗೆ ಬಂದಂತಾಯಿತು.

2015ರ ಏಪ್ರಿಲ್ 25, ಶನಿವಾರ, ಹನ್ನೆರಡು ಹೊಡೆಯಲು ಇನ್ನೇನು ನಾಲ್ಕು ನಿಮಿಷ. 7.8ರ ಕಂಪನ. ನಮ್ಮ ಕಟ್ಟಡ ನಿಂತಿತು. ಮಾಳಿಗೆಯ ಕರಿ ಟ್ಯಾಂಕು ಉರುಳಿ, ಇದ್ದಬದ್ದ ನೀರೆಲ್ಲ ಮೆಟ್ಟಿಲಗುಂಟ ಇಳಿದುಹೋಯಿತು. ಕರೆಂಟಿಲ್ಲ, ಪಂಪಿಲ್ಲ. ಸಂಪಿನಲ್ಲಿ ನೀರಿದ್ದರೂ ಗೋಡೆ ಬಿರಿದು ಮೋರಿಯ ನೀರು ಸೇರಿತೋ ಏನೋ ಎಂಬ ಅನುಮಾನ. ಓಣಿಗೆ ಓಣಿಯೇ ಬಯಲಲ್ಲಿ ಟಾರ್ಪಾಲಿನಡಿ ಮಲಗಿತು.

ನೆರೆಮನೆಯ ನೇವಾರ ಅಜ್ಜಿ ತಾಮ್ರದ ಗಾಗ್ರಿ ಹಿಡಿದು ಹೊರಟಾಗ ನಾನೂ ಕೊಡ ಎತ್ತಿಕೊಂಡು ಬೆನ್ನು ಹತ್ತಿದೆ. ಅರಮನೆ ಚೌಕದ ಮಗ್ಗುಲಿಗೆ, ಬೀದಿಯಿಂದ ಸಾಕಷ್ಟು ಕೆಳಗೆ, ಮೆಟ್ಟಿಲಿಳಿದು ಮುಟ್ಟುವ ಕಲ್ಲಿನ ಕುಣಿ, ಅಂದರೆ ಹಿತಿ; ಇದರ ಹೆಸರು ಮಂಗ ಹಿತಿ. ಗೋಡೆಯಿಂದ ಚಾಚಿದ ಮೂರು ಮಕರಮುಖಗಳು. 570ರಲ್ಲಿ ಕಟ್ಟಿಸಿದವನು ಲಿಚ್ಛವಿ ದೊರೆ ಮಾನದೇವನ ಮೊಮ್ಮಗ ಭಾರವಿ. (ಐಹೊಳೆ ಶಾಸನದಲ್ಲಿ ರವಿಕೀರ್ತಿ ನೆನೆಯುವ ಕವಿ ಭಾರವಿ ಬೇರೆ.) ಈ ಹಿತಿ ಬಾದಾಮಿಯ ಮೂರನೆಯ ಗುಹೆಯ ಶಾಸನಕ್ಕಿಂತ ಎಂಟು ವರ್ಷ ಹಿರಿಯದು. ಇಳಿಯುವ ಬಾಯಲ್ಲಿದ್ದ ಮಣಿಮಂಟಪಗಳೆರಡೂ ಕುಸಿದು ಮರ, ಇಟ್ಟಿಗೆಯ ರಾಶಿಯಾಗಿದ್ದವು. ಕೆಳಗೆ ಧಾರೆ ಬೀಳುತ್ತಲೇ ಇತ್ತು.

ಕಠ್ಮಂಡು ಕಣಿವೆ ಒಂದು ಕಾಲಕ್ಕೆ ಸರೋವರ. ಅದರ ತಳದ ಜೇಡಿಯ ನಡುವಿನ ಮರಳಪದರಗಳಲ್ಲಿ ನೀರು ನಿಂತಿರುತ್ತದೆ. ಹಿಂದಿನವರು ಬೆಟ್ಟದ ಕಡೆಯಿಂದ ರಾಜಕುಲೋ ಎಂಬ ಕಾಲುವೆ ತಂದು ಕೆರೆ ತುಂಬಿಸಿದರು. ಕೆರೆಯಿಂದ ಇಂಗಿದ್ದು ಮರಳು, ಜಲ್ಲಿಗಳಲ್ಲಿ ಸೋಸಿಕೊಂಡು ಮಕರದ ಬಾಯಿಗೆ ಬಂತು. ಧಾರೆ ಅಂತರ್ಜಲಕ್ಕಿಂತ ತಗ್ಗಿನಲ್ಲಿದ್ದರಾಯಿತು, ನೀರು ತಾನೇ ಇಳಿಯುತ್ತದೆ. ಕೆಡಲು ಯಂತ್ರವೇ ಇಲ್ಲ. ಹಾಗಂತ ಎಲ್ಲ ಹಿತಿಗಳೂ ಉಳಿದಿರಲಿಲ್ಲ. ಕಾಲುವೆ, ಕೆರೆಗಳ ಮೇಲೆ ಮನೆಗಳೆದ್ದು ಎಷ್ಟೋ ಧಾರೆಗಳು ಭೂಕಂಪಕ್ಕೆ ಮೊದಲೇ ಒಣಗಿದ್ದವು. ಪ್ರತಿ ಜ್ಯೇಷ್ಠ ಶುದ್ಧ ಷಷ್ಠಿ, ಸಿಥಿ ನಖ ಹಬ್ಬಕ್ಕೆ, ಬಾವಿ, ಹಿತಿಗಳ ಹೂಳೆತ್ತುವ ಓಣಿಯವರು ಸರತಿಯಲ್ಲಿ ತುಸು ಗತ್ತಿನಿಂದಲೇ ನಿಂತಿದ್ದರು. ತಪ್ಪೇನಿಲ್ಲ.

ನಾನು ಸಿಂಬಿ ಸುತ್ತಿ ಕೊಡ ತಲೆಗೇರಿಸಿದಾಗ ಅಜ್ಜಿ ಹೌಹಾರಿದಳು: ‘ಮತ್ತೆ ನೆಲ ನಡುಗಿದರೆ?’ ಮಾತು ನಿಜ. ಮರುಕಂಪನಗಳು ಹೇಳಿಕೇಳಿ ಬರುತ್ತಿರಲಿಲ್ಲ. ಸೊಂಟದ ಗಾಗ್ರಿಯೊಂದಿಗೆ ಅಲ್ಲೇ ಕುಕ್ಕರಿಸಬಹುದು. ತಲೆಯ ಕೊಡ ಕಾಲಿಗೆ ಬುದ್ಧಿ ಹೇಳಲೂ ಬಿಡುವುದಿಲ್ಲ. ಅಂದಿನಿಂದ ನನ್ನ ಕೊಡವೂ ಸೊಂಟಕ್ಕಿಳಿಯಿತು.

ವಿಪತ್ತಿನಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂಬುದು ಪರಿಹಾರ ಸಂಸ್ಥೆಗಳ ಲೆಕ್ಕ. ನಾಲ್ವರ ಮನೆಗೆ 60 ಕಿಲೋ ಆಯಿತು. ಬಯಲಲ್ಲಿದ್ದಷ್ಟು ದಿನ ಚಿಂತೆಯಿರಲಿಲ್ಲ. ಮನೆಗೆ ಮರಳಿದ ಮೇಲೆ ಅಷ್ಟನ್ನೂ ಬಿರುಕುಬಿಟ್ಟ ಮೆಟ್ಟಿಲೇರಿ ಒಯ್ಯಬೇಕು. ಕುಡಿಯುವ ನೀರಿಗೆ ‘ಪೀಯೂಷ್’ ಶೀಶೆಯ ಕ್ಲೋರಿನ್ ಹನಿ. ಅನ್ನಕ್ಕೆ ಹಾಕಿದ ನೀರಿನಲ್ಲೂ ಅದರ ವಾಸನೆಯೇ ಬಡಿಯುತ್ತಿತ್ತು. ತರಕಾರಿ ತೊಳೆದದ್ದು ನೆಲಕ್ಕೆ, ನೆಲ ಒರೆಸಿದ್ದು ಪಾಯಖಾನೆಗೆ. ಈ ವಿದ್ಯೆಯಲ್ಲಿ ಧಾರವಾಡದವಳು ಯಾರಿಗೂ ಸೋಲಲಿಲ್ಲ.

ಕರೆಂಟು ಬಂದ ಮೇಲೆ ಮನೆಯೊಡೆಯರು ಮೊದಲಿನದಕ್ಕಿಂತ ದೊಡ್ಡ ಟ್ಯಾಂಕು ತಂದರು. ಕಬ್ಬಿಣದ ಕಾಲು ಹಚ್ಚಿಸಿ ಇನ್ನೂ ಎತ್ತರಕ್ಕೆ ಕೂರಿಸಿದರು. ಸ್ನಾನದಮನೆಯಲ್ಲಿ ನೀರು ಜೋರಾಗಿ ಬೀಳುತ್ತದಂತೆ.