ಸಂಕ್ರಾಂತಿಗೇ ಬಂದವರು

ಹೈದರಾಬಾದಿನಲ್ಲಿ ಇಪ್ಪತ್ತು ವರ್ಷದಿಂದ ಇರುವ ನನಗೆ ಊರಿನಿಂದ ನೆಂಟರು ಬರುವುದು ಹೊಸತಲ್ಲ. ಸೇಡಂ, ಕಲಬುರಗಿ, ಯಾದಗಿರಿ ಕಡೆಯವರಿಗೆ ಬೆಂಗಳೂರು ದೂರ, ಹೈದರಾಬಾದು ಹತ್ತಿರ. ಕಣ್ಣಿರಲಿ, ಎದೆಯಿರಲಿ, ಮೊಣಕಾಲಿರಲಿ, ಕೆಟ್ಟರೆ ಮೊದಲು ಈ ಊರಿನ ಗಾಡಿ ಹತ್ತುತ್ತಾರೆ. ಕಾಚಿಗುಡಾ ಸ್ಟೇಷನ್ನಿಗೆ ಹತ್ತಿರ, ಬರ್ಕತ್‌ಪುರಾದಲ್ಲಿರುವ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ನನ್ನ ಹೆಂಡತಿ ಇಟ್ಟ ಹೆಸರು ‘ಸೇಡಂ ಧರ್ಮಶಾಲೆ’. ಬಂದವರು ತೊಗರಿಬೇಳೆಯ ಚೀಲ ಇಳಿಸಿ, ನಾಲ್ಕು ದಿನ ಇದ್ದು, ಆಸ್ಪತ್ರೆಯ ರಿಪೋರ್ಟಿನ ಚೀಲ ಹಿಡಿದು ಹೋಗುತ್ತಾರೆ.

2020ರ ಮಾರ್ಚಿನಲ್ಲಿ ಕಾಕಾ, ಕಾಕಿ ಬಂದದ್ದೂ ಹಾಗೆಯೇ. ಕಾಕಿಯ ಬಲಗಣ್ಣಿನ ಪೊರೆ ತೆಗೆಸಬೇಕಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. 23ಕ್ಕೆ ವಾಪಸು ಟಿಕೆಟ್. 25ರ ಯುಗಾದಿಯ ಹೊತ್ತಿಗೆ ಊರಲ್ಲಿರಬೇಕೆಂಬುದು ಕಾಕಾನ ಲೆಕ್ಕ. 22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಎಲ್ಲರೂ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದೆವು. ಅದೇ ದಿನ ರೈಲು ನಿಲ್ಲಿಸುತ್ತಾರೆಂಬ ಸುದ್ದಿ ಬಂತು, ತೆಲಂಗಾಣದಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. 24ರ ರಾತ್ರಿ ಎಂಟಕ್ಕೆ ಇಡೀ ದೇಶಕ್ಕೇ 21 ದಿನ ಎಂದರು. ಮರುದಿನ ಅಮೀರ್‌ಪೇಟೆಯ ಹಾಸ್ಟೆಲುಗಳಿಂದ ಹುಡುಗರನ್ನು ಖಾಲಿ ಮಾಡಿಸಿದರು. ಅಲ್ಲಿ ಕಂಪ್ಯೂಟರ್ ಕೋರ್ಸು ಓದುತ್ತಿದ್ದ ನನ್ನ ಅಕ್ಕನ ಮಗ ಹೆಗಲಿಗೊಂದು ಚೀಲ ಹಾಕಿಕೊಂಡು ನಡೆದೇ ಬಂದ. ಅವ್ವ, ನಾವಿಬ್ಬರು, ಮಕ್ಕಳಿಬ್ಬರು ಸೇರಿ ಮನೆಯಲ್ಲಿ ಎಂಟು ಜನವಾದೆವು. ಬೇವು ಬೆಲ್ಲದಲ್ಲಿ ಬೇವು ಇರಲಿಲ್ಲ. ಅಂಗಡಿಯವನು ಬೆಲ್ಲವಷ್ಟೇ ಕೊಟ್ಟ.

ಎಂಟು ಜನಕ್ಕೆ ದಿನಕ್ಕೆ ನಲವತ್ತು ರೊಟ್ಟಿ. ಅವ್ವ ಬಡಿಯುತ್ತಿದ್ದಳು, ಹೆಂಡತಿ ಬೇಯಿಸುತ್ತಿದ್ದಳು. ಕಾಕಿಗೆ ಒಲೆಯ ಮುಂದೆ ಬರಬಾರದೆಂದು ಡಾಕ್ಟರ ಅಪ್ಪಣೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಆಕೆ ಕಪ್ಪು ಕನ್ನಡಕ ಹಾಕಿಕೊಂಡೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕುವ ಕೆಲಸ ನನ್ನ ಮಗಳದು. ನಾನು ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಫೀಸು ನಡೆಸುತ್ತಿದ್ದೆ. ಮೀಟಿಂಗಿನ ನಡುವೆ ಹಿಂದಿನಿಂದ ಕಾಕಾ ಆಕಳಿಸಿದರೆ ಬೆಂಗಳೂರಿನಲ್ಲಿ ಕೂತ ಮ್ಯಾನೇಜರು ಬೆಚ್ಚುತ್ತಿದ್ದರು. ಕಾಕಾನ ದನಿ ಅಂಥದ್ದು. ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿದ ದನಿ.

ಆ ದನಿಯಿಂದಲೇ ಕಾಕಾ ಬಂದ ಎರಡೇ ದಿನಕ್ಕೆ ನಮ್ಮ ಓಣಿಗೆ ಬೇಕಾದವನಾಗಿದ್ದ. ತರಕಾರಿ ಗಾಡಿಯವನೊಂದಿಗೆ ಮೇಲಿನಿಂದಲೇ ದಖನಿ ಉರ್ದುವಿನಲ್ಲಿ ಚೌಕಾಸಿ, ವಾಚ್‌ಮನ್ ಜೊತೆ ತೆಲುಗಿನಲ್ಲಿ ಮಳೆ ಬೆಳೆಯ ಮಾತು. ಇಷ್ಟು ವರ್ಷದಲ್ಲಿ ನಾನು ಆ ವಾಚ್‌ಮನ್‌ನ ಊರು ಕೇಳಿರಲಿಲ್ಲ. ಕಾಕಾ ಅವನ ಹೊಲ ಎಷ್ಟು ಎಕರೆ ಎಂದೂ ತಿಳಿದುಕೊಂಡಿದ್ದ. “ನಾ ಹುಟ್ಟಿದಾಗ ಇದೇ ನಮ್ಮ ರಾಜಧಾನಿ ಇತ್ತು, ತಿಳೀತಾ?” ಎನ್ನುವುದು ಅವನ ವರಸೆ. ಖರೆಯೇ. 1952ರಲ್ಲಿ ಹುಟ್ಟಿದವನು. 1956ರ ನವೆಂಬರ್ 1ರವರೆಗೆ ಸೇಡಂ ಹೈದರಾಬಾದ್ ರಾಜ್ಯದಲ್ಲೇ ಇತ್ತು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ದೇಶದ ಮೊದಲ ಕೊರೊನಾ ಸಾವು ಆದದ್ದು ಕಲಬುರಗಿಯ ಹಿರಿಯರೊಬ್ಬರದು. 76 ವರ್ಷದ ಅವರನ್ನು ಚಿಕಿತ್ಸೆಗೆಂದು ಹೈದರಾಬಾದಿಗೇ ಕರೆತಂದಿದ್ದರು. ಊರಿಗೆ ವಾಪಸು ಒಯ್ಯುವಾಗ ಮಾರ್ಚ್ 10ರಂದು ತೀರಿಕೊಂಡರು. ಕಾಯಿಲೆ ಯಾವುದೆಂದು ಖಚಿತವಾದದ್ದು 12ಕ್ಕೆ. ಅಂದಿನಿಂದ ಇಲ್ಲಿಯ ಟಿವಿಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಬಂದರೆ ಜನ ಕಿವಿ ನಿಮಿರಿಸುತ್ತಿದ್ದರು. ಏಪ್ರಿಲ್ ಮೊದಲ ವಾರ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಬಾಗಿಲಲ್ಲಿ ಮೂರು ಮೆಟ್ಟಿಲು ಕೆಳಗೇ ನಿಂತು ತೆಲುಗಿನಲ್ಲಿ ಕೇಳಿದರು. ನಿಮ್ಮ ಮನೆಗೆ ಗುಲ್ಬರ್ಗಾದಿಂದ ಯಾರೋ ಬಂದಿದ್ದಾರಂತಲ್ಲ, ಯಾವಾಗ ಬಂದರು?

“ಸಂಕ್ರಾಂತಿಗೇ ಬಂದಿದ್ದಾರೆ,” ಎಂದುಬಿಟ್ಟೆ.

ಯಾಕೆ ಹಾಗೆಂದೆನೋ. ಬಂದವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಬಂದು ಮೂರು ವಾರ ದಾಟಿತ್ತು. ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತು. ಬಾಗಿಲು ಹಾಕಿ ತಿರುಗಿದರೆ ಒಂಬತ್ತು ವರ್ಷದ ಮಗ ನಿಂತಿದ್ದ. “ಪಪ್ಪಾ, ಅಜ್ಜ ಸಂಕ್ರಾಂತಿಗೆ ಬಂದಿದ್ನಾ?” ನನಗೆ ಮಾತು ಬರಲಿಲ್ಲ. ಒಳಗಿನಿಂದ ಕಾಕಾನೇ ಅಂದ: “ಹೌದಪ್ಪಾ, ಸಂಕ್ರಾಂತಿಗೇ ಬಂದೀವಿ. ನಿನಗ ನೆನಪಿಲ್ಲ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಸುಳ್ಳು, ಮರೆತುಹೋಗುತ್ತಿತ್ತು. ಆ ರಾತ್ರಿ ನಾನು ಕಾಕಾನ ಪಕ್ಕದಲ್ಲಿ ಕೂತು, ಬಾಲ್ಕನಿಗೆ ಹೋಗಬ್ಯಾಡ್ರಿ, ಹೋದ್ರೂ ಜೋರಾಗಿ ಮಾತಾಡಬ್ಯಾಡ್ರಿ, ನಮ್ಮ ಕಡೆ ಮಾತು ಅಂತ ಗೊತ್ತಾಗ್ತದ ಎಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ರಾಜಧಾನಿಯೊಳಗ ಬಾಯಿ ಬಿಡಬಾರ್ದಾತಲ್ಲೋ,” ಎಂದು ನಕ್ಕ. ಅಷ್ಟೇ. ಮರುದಿನದಿಂದ ಆ ದನಿ ಇಳಿಯಿತು. ದೂರದರ್ಶನದಲ್ಲಿ ಮತ್ತೆ ಶುರುವಾಗಿದ್ದ ರಾಮಾಯಣವನ್ನು ಟಿವಿಗೆ ಕಿವಿ ಹಚ್ಚಿ ನೋಡುತ್ತಿದ್ದ. ಊರಿಗೆ ಫೋನು ಮಾಡುವಾಗ ಬಚ್ಚಲಿನ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ತರಕಾರಿಯವನು ಕೆಳಗೆ ನಿಂತು “ಚಾಚಾ ಕಹಾಂ ಹೈ?” ಎಂದು ಕೇಳಿದರೆ ನಾನು ಹೋಗಿ ಟೊಮೆಟೊ ಆರಿಸುತ್ತಿದ್ದೆ.

ಲಾಕ್‌ಡೌನ್ ಮೇ 3ಕ್ಕೆ ಹೋಯಿತು, ತೆಲಂಗಾಣದಲ್ಲಿ 7ಕ್ಕೆ, ಆಮೇಲೆ 29ಕ್ಕೆ. ಹಲೀಮಿನ ಭಟ್ಟಿ ಉರಿಯದೆ ರಂಜಾನ್ ಕಳೆಯಿತು. ಮೇ 1ರಂದು ದೇಶದ ಮೊದಲ ಶ್ರಮಿಕ ರೈಲು ನಮ್ಮೂರಿನ ಲಿಂಗಂಪಲ್ಲಿಯಿಂದಲೇ ಜಾರ್ಖಂಡಿನ ಹಟಿಯಾಕ್ಕೆ ಹೊರಟಿತು, ಸುಮಾರು 1,200 ಕಾರ್ಮಿಕರನ್ನು ಹತ್ತಿಸಿಕೊಂಡು. ಟಿವಿಯಲ್ಲಿ ಅದನ್ನು ನೋಡುತ್ತ ಕಾಕಿ, “ನಮ್ಮ ಕಡೆ ಗಾಡಿ ಎಂದು ಬಿಡ್ತಾರ?” ಎಂದಳು. “ಅವ್ರು ಮೊದಲ ಹೋಗ್ಲಿ. ಅವ್ರಿಗೆ ಇಲ್ಲಿ ಯಾರೂ ಇಲ್ಲ. ನಮಗ ಇವ ಇದ್ದಾನ,” ಎಂದ ಕಾಕಾ ಪಿಸುದನಿಯಲ್ಲಿ. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಅಡುಗೆ ಮನೆಗೆ ಹೋದೆ.

ನಿಜ ಹೇಳಬೇಕೆಂದರೆ, ಆ ಎರಡು ತಿಂಗಳಲ್ಲಿ ನಮ್ಮ ಮನೆಯಲ್ಲಿ ಜಗಳ ಕಡಿಮೆ. ಬಚ್ಚಲಿಗೆ ಸಾಲು ನಿಂತೆವು, ಹಾಲನ್ನು ಅಳೆದು ಹಂಚಿಕೊಂಡೆವು, ಸುಲಿದ ಬೆಳ್ಳುಳ್ಳಿ ಮುಗಿಯಲೇ ಇಲ್ಲ. ಜಾಗ ಸಾಲದ್ದು ಮನೆಯಲ್ಲಲ್ಲ, ನನ್ನ ಧೈರ್ಯದಲ್ಲಿ. ಇಷ್ಟು ವರ್ಷ ಪರವೂರಿನಲ್ಲಿದ್ದು ನಾನು ಕಲಿತಿದ್ದು ಯಾರ ಕಣ್ಣಿಗೂ ಬೀಳದಂತೆ ಇರುವುದನ್ನು. ಅದನ್ನೇ ಕಾಕಾನಿಗೂ ಕಲಿಸಿದೆ.

ಮಿರಗ ಕೂಡುವುದರೊಳಗೆ ಊರು ಸೇರಬೇಕೆಂದು ಕಾಕಾ ಚಡಪಡಿಸುತ್ತಿದ್ದ. ಮೇ ಕೊನೆಗೆ ಸೇವಾ ಸಿಂಧುವಿನಲ್ಲಿ ಪಾಸು ಸಿಕ್ಕಿತು. ಬಾಡಿಗೆ ಕಾರಿನಲ್ಲಿ ಮೂವರನ್ನೂ ಕಳಿಸಿದೆ. ಕಾರು ಹತ್ತುವಾಗ ವಾಚ್‌ಮನ್ ದೂರದಿಂದಲೇ ಕೈಮುಗಿದ. ಕಾಕಾ ಅವನಿಗೇನೋ ಹೇಳಲು ಬಾಯಿ ತೆರೆದು, ನನ್ನ ಕಡೆ ನೋಡಿ, ಬರೀ ಕೈ ಎತ್ತಿದ.

ಎರಡು ದಿನ ಬಿಟ್ಟು ಫೋನು ಬಂತು. ಹೊರರಾಜ್ಯದಿಂದ ಬಂದವರೆಂದು ಕೈಗೆ ಮುದ್ರೆ ಒತ್ತಿ, 14 ದಿನ ಮನೆ ಬಿಟ್ಟು ಹೊರಬೀಳಬೇಡಿ ಎಂದಿದ್ದರಂತೆ. ಮಿರಗದ ಮಳೆಯಾದರೂ ಹೊಲಕ್ಕೆ ಹೋಗುವ ಹಾಗಿರಲಿಲ್ಲ. ಎದುರು ಮನೆಯವರು ಕಿಟಕಿ ಹಾಕಿಕೊಂಡಿದ್ದರಂತೆ.

“ಇಲ್ಲಿ ಮಂದಿ ನಮಗ ಹೈದರಾಬಾದಿನವ್ರು ಬಂದಾರ ಅಂತಾರೋ!” ಎಂದ ಕಾಕಾ. “ನಾನೂ ಹೇಳಬೇಕಂತಿದ್ದೆ, ಸಂಕ್ರಾಂತಿಗೇ ಬಂದೀವಿ ಅಂತ. ಈ ಕೈಮ್ಯಾಲಿನ ಸಿಕ್ಕಾ ಸುಮ್ನಿರಬೇಕಲ್ಲ!”

ಹೇಳಿ ಗಹಗಹಿಸಿ ನಕ್ಕ. ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು: “ಯಾರು, ನಿಮ್ಮ ಕಾಕಾ ಏನು?”