ಯಾರ ಪೈಕಿ?

ನಮ್ಮ ಸಂಶಿಯಲ್ಲಿ ಹೊಸ ಮುಖ ಕಂಡರೆ "ನೀ ಯಾರು?" ಅಂತ ಕೇಳೋದಿಲ್ಲ, "ಯಾರ ಪೈಕಿ?" ಅಂತಾರೆ. ಅಪ್ಪನ ಹೆಸರು, ಓಣಿ ಹೇಳಿದರೆ ಮುಗೀತು, ಉಳಿದದ್ದು ಅವರಿಗೇ ಗೊತ್ತಿರುತ್ತದೆ. ಹಾಗೆ ಬೆಳೆದ ನನಗೆ ಬಿ.ಇ. ಕೊನೆಯ ವರ್ಷ ಕಂಪನಿಯೊಂದರ ಸಂದರ್ಶನದಲ್ಲಿ "ಟೆಲ್ ಮೀ ಅಬೌಟ್ ಯುವರ್‌ಸೆಲ್ಫ್" ಅಂದರು. ನನ್ನ ಹೆಸರು, ಅಪ್ಪನ ಹೆಸರು, ಕುಂದಗೋಳ ತಾಲೂಕು, ಧಾರವಾಡ ಜಿಲ್ಲೆ. ಅಷ್ಟಕ್ಕೆ ಬಾಯಿ ಕಟ್ಟಿತು. ನನಗೆ ಜಾವಾ ಚೆನ್ನಾಗಿ ಬರುತ್ತಿತ್ತು, ಆದರೆ ಮಾತು ಅಲ್ಲಿಯವರೆಗೆ ಹೋಗಲೇ ಇಲ್ಲ.

ಅದೆಲ್ಲ ಮತ್ತೆ ನೆನಪಾದದ್ದು ಸಂಕ್ರಾಂತಿಗೆ ಊರಿಗೆ ಹೋದಾಗ. ಅಕ್ಕನನ್ನು ಊರಲ್ಲೇ ಕೊಟ್ಟಿದೆ. ಅವಳ ಮಗಳು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನವರ ತರಬೇತಿಗೆ ಹೋಗ್ತೇನಿ ಅಂತ ಹಟ ಹಿಡಿದಿದ್ದಳು. ಅಲ್ಲೇ ಇದ್ದು ಇಂಗ್ಲಿಷು, ಕಂಪ್ಯೂಟರು, ಸಂದರ್ಶನ ಕಲಿಯೋದು.

"ಯಾರೋ ಏನೋ, ತಮ್ಮಾ. ನೌಕರಿ ಕೊಡಸ್ತೇವಿ ಅಂತಾರಂತ. ಸುಮ್ಮನ ಯಾರ್ ಮಾಡ್ತಾರ?" ಅಂದಳು ಅಕ್ಕ.

ಯಾರ ಪೈಕಿ ಅಂತಲೇ ಹೇಳಬೇಕಾಯಿತು. ಗುರುರಾಜ ದೇಶಪಾಂಡೆ ಹುಬ್ಬಳ್ಳಿಯಲ್ಲೇ ಹುಟ್ಟಿದವರು, ಐಐಟಿ ಮದ್ರಾಸಿನಲ್ಲಿ ಓದಿ ಅಮೆರಿಕದಲ್ಲಿ ಸಿಕಾಮೋರ್ ನೆಟ್‌ವರ್ಕ್ಸ್ ಕಟ್ಟಿದವರು. ನಮ್ಮ ಕಡೆಗೆ ಇಂಥದ್ದು ಹೊಸದೂ ಅಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಹಳ್ಳಿ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಹೊಟ್ಟೆ ತುಂಬಿದ ಮೇಲಲ್ಲವೇ ಅಕ್ಷರ. 1982ರಲ್ಲಿ ಧರ್ಮಸ್ಥಳದವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆಯೂ ಹಾಗೆಯೇ: ಊಟ, ವಸತಿ ಬಿಟ್ಟಿ ಕೊಟ್ಟು ಸ್ವಂತ ಉದ್ಯೋಗದ ಕಸುಬು ಕಲಿಸುತ್ತದೆ.

ಅಕ್ಕ ಕೇಳಿಸಿಕೊಂಡಳು, ಹೂಂ ಅನ್ನಲಿಲ್ಲ.

ನನಗೂ ಇಂಥ ತರಬೇತಿಗಳ ಬಗ್ಗೆ ಒಂದು ತಕರಾರು ಇದೆ. ಸಂದರ್ಶನ ಮಾಡುವ ಕಡೆ ಕೂತು ನೋಡಿದ್ದೇನೆ. ಹತ್ತು ಹುಡುಗರು ಬಂದರೆ ಹತ್ತೂ ಜನ "ಐ ಆ್ಯಮ್ ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್" ಅಂತ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ. ಮೌನಕ್ಕಿಂತ ಅದು ವಾಸಿ, ಒಪ್ಪುತ್ತೇನೆ.

ಪಡಸಾಲೆಯಲ್ಲೇ ಹುಡುಗಿಯನ್ನು ಕೂರಿಸಿ ಅದೇ ಪ್ರಶ್ನೆ ಕೇಳಿದೆ. ಹೆಸರು, ಅಪ್ಪನ ಹೆಸರು, ಸಂಶಿ. ಆಮೇಲೆ ನೆಲ ನೋಡಿದಳು.

"ಮನ್ಯಾಗ ಏನ್ ಮಾಡ್ತಿ?"

"ಏನೂ ಇಲ್ಲ ಮಾಮಾ. ಹಿಂಗ, ಲೆಕ್ಕ ಬರೀತೇನಿ."

ಕೆಂಪು ರಟ್ಟಿನ ಪುಸ್ತಕ ತಂದಳು. ಮೆಣಸಿನಕಾಯಿ ಬಿಡಿಸೋಕೆ ಯಾವ ದಿನ ಎಷ್ಟು ಆಳು, ಯಾರಿಗೆ ಎಷ್ಟು ಮುಂಗಡ, ಬ್ಯಾಡಗಿ ಪೇಟೆಗೆ ಎಷ್ಟು ಚೀಲ, ತೂಕ, ಹಮಾಲಿ, ಎಲ್ಲ ಸಾಲಾಗಿ. ಒಂದು ಕಡೆ ಕೆಂಪು ಪೆನ್ನಿನ ಗೆರೆ ಇತ್ತು. ಹಿಂದಿನ ವರ್ಷ ಪಟ್ಟಿಯಲ್ಲಿ ಒಂದು ಚೀಲ ಕಡಿಮೆ ಬಂದಿತ್ತಂತೆ. ಇವಳೇ ಫೋನ್ ಮಾಡಿ, ವಾದ ಮಾಡಿ, ದುಡ್ಡು ಹಾಕಿಸಿಕೊಂಡಿದ್ದಾಳೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಡೇಟಾ ರೀಕನ್ಸಿಲಿಯೇಷನ್ ಅಂತಾರೆ. ಸಂಬಳವನ್ನೂ ಕೊಡುತ್ತಾರೆ. ಅವಳ ಬಾಯಲ್ಲಿ ಅದು "ಏನೂ ಇಲ್ಲ".

ಆಗ ಅಕ್ಕ ಒಳಗಿನಿಂದಲೇ ಅಂದಳು: "ಅದಕ್ಕ ಹೇಳಾಕತ್ತೇನಿ. ಇಕಿ ಹ್ವಾದರ ಲೆಕ್ಕ ಯಾರ್ ಬರೀಬೇಕು?"

ಅನುಮಾನ ಫೌಂಡೇಶನ್ ಮೇಲೆ ಇರಲೇ ಇಲ್ಲ. ಮಗಳು ಹೋದರೆ ಆ ಪುಸ್ತಕ ಹಿಡಿಯುವವರು ಮನೆಯಲ್ಲಿ ಇರಲಿಲ್ಲ.

ಸುಗ್ಗಿ ಮುಗಿದ ಮೇಲೆ ಕಳಿಸೋಣ ಅಂತ ತೀರ್ಮಾನವಾಯಿತು. ಮುಂಜಾನೆಯ ಪ್ಯಾಸೆಂಜರ್‌ಗೆ ಭಾವ ಹತ್ತಿಸಿ ಬಂದರು. ನೌಕರಿ ಸಿಕ್ಕೇ ಸಿಗುತ್ತದೆ ಅಂತ ನಾನು ಮಾತು ಕೊಟ್ಟಿಲ್ಲ. ಸಿಕ್ಕರೂ ಮೊದಲ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಳೆದರೆ ಏನು ಉಳಿಯುತ್ತದೆ ಅನ್ನೋದೂ ಗೊತ್ತು.

ಎರಡು ವಾರಕ್ಕೆ ಫೋನ್ ಬಂತು. "ಮಾಮಾ, ಇವತ್ತ ಎಲ್ಲಾರ ಮುಂದ ನಿಂತು ಎರಡ್ ನಿಮಿಷ ಮಾತಾಡಿದ್ನಿ, ಇಂಗ್ಲಿಷ್‌ನ್ಯಾಗ."

"ಏನ್ ಹೇಳಿದಿ?"

"ಆ ಒಂದ್ ಚೀಲದ್ದು."

ಆಮೇಲೆ ಅವಸರ ಮಾಡಿ ಫೋನ್ ಇಟ್ಟಳು. ದಿನಾ ರಾತ್ರಿ ಅಕ್ಕ ಆ ಹೊತ್ತಿಗೆ ಫೋನ್ ಮಾಡಿ ಆಳಿನ ಲೆಕ್ಕ ಬರೆಸುತ್ತಾಳಂತೆ.