30 ಲಕ್ಷದ ಲೆಕ್ಕ

ಐಪಿಎಲ್ ಕಪ್ ಗೆದ್ದ 2025ರಲ್ಲೇ ಆರ್‌ಸಿಬಿ ಮನೋಜ್ ಭಾಂಡಗೆಯನ್ನು ಕೈಬಿಟ್ಟಿದ್ದು ನನಗಿನ್ನೂ ಬೇಜಾರು. 125 ಕೋಟಿ ಮಿತಿಯೊಳಗೆ ತಂಡ ಕಟ್ಟಬೇಕಿತ್ತು, ಒಪ್ಪೋಣ. 8.75 ಕೋಟಿಯ ಲಿವಿಂಗ್‌ಸ್ಟನ್‌ರನ್ನು ಬಿಟ್ಟಿದ್ದು ಸರಿಯೇ; ಹಾಗೆ ಕೈ ಸಡಿಲವಾಗಿದ್ದಕ್ಕೇ ಡಿಸೆಂಬರ್ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ 7 ಕೋಟಿಗೆ ಸಿಕ್ಕರು. ಆದರೆ ರಾಯಚೂರಿನ ಆಲ್‌ರೌಂಡರ್ ಮನೋಜ್‌ಗೆ ಕೊಟ್ಟಿದ್ದು 30 ಲಕ್ಷ. ಅದನ್ನು ಉಳಿಸಿ ಏನು ಬಂತು? 2025ರಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಪಂದ್ಯ, ಅದೂ ಮಳೆಯಿಂದ 14 ಓವರಿಗೆ ಇಳಿದದ್ದು. ಅಷ್ಟರಲ್ಲಿ ಯಾರನ್ನು ತಾನೇ ಅಳೆಯಲಾದೀತು?

ರಾಯಚೂರಿನಾಚೆ ಕಂಪ್ಲಿ ಕಡೆಗೂ ಮನೋಜ್ ನಮ್ಮವರೇ. ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ, ಕೂಳೆ ಮೇಲೆ ಎಗರುವ ಟೆನಿಸ್ ಬಾಲಿಗೆ ಬ್ಯಾಟ್ ಬೀಸುವ ಹುಡುಗರ ಮೈಮೇಲೆಲ್ಲ ಕೊಹ್ಲಿಯ 18ನೇ ನಂಬರು. ಆದರೂ "ನಮ್ ರಾಯಚೂರಿನವ್ನೂ ಅದೇ ಟೀಮ್‌ನಾಗ ಅದಾನ" ಅನ್ನೋಕೆ ಒಂದು ಹೆಸರಿತ್ತು. ಇನ್ನೊಂದು ಸೀಸನ್ ಕೊಡಬೇಕಿತ್ತು.